ಮನಸ್ಸನ್ನು ಅಳೆಯಲು ಹೊರಟ ಮೇಷ್ಟ್ರು

ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವ ಹದಿಹರೆಯದ ಮಕ್ಕಳನ್ನು ಗಮನಿಸಿದ್ದೀರಾ? ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ತರಗತಿಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಇಂಥವರ ಕೈಗೆ ಪರದೇಶದಲ್ಲಿ ತಯಾರಾದ ಪ್ರಶ್ನೆಪತ್ರಿಕೆ ಕೊಟ್ಟು ಅವರ ಬುದ್ಧಿ, ಸ್ವಭಾವ, ಹೊಂದಾಣಿಕೆಗಳಿಗೆ ಅಂಕ ಹಾಕಿದರೆ ಅದು ನ್ಯಾಯವಾದೀತೇ? ಪರದೇಶದ ಪರೀಕ್ಷೆಗಳನ್ನು ನಮ್ಮ ನೆಲಕ್ಕೆ ಒಗ್ಗಿಸುವ ಕೆಲಸಕ್ಕೆ ಬಹಳ ಹಿಂದೆಯೇ ಕೈಹಾಕಿದವರು ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿ.

ಹೆಚ್ಚಿನವರು ಅವರನ್ನು ನೆನೆಯುವುದು ಬಾನುಲಿಗಾಗಿ. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಯಂತ್ರದಿಂದ ಪ್ರಸಾರ ಆರಂಭಿಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಆದರೆ ಅವರ ವೃತ್ತಿ ಮನಶ್ಶಾಸ್ತ್ರದ ಅಧ್ಯಾಪನ.

ಲಂಡನ್‌ನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಮನುಷ್ಯನ ಹಲವು ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂದು 1904ರಲ್ಲಿ ವಾದಿಸಿದವರು ಅವರು. ಊರಿಗೆ ಮರಳಿದ ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಪ್ರಯೋಗಾಲಯ ರೂಪಿಸಿದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮ ಜನಜೀವನಕ್ಕೆ ಹೊಂದಿಸಲು ಶ್ರಮಿಸಿದರು.

ಇದು ಬರೀ ಅನುವಾದದ ಕೆಲಸವಲ್ಲ. ಹಿಮವನ್ನೇ ಕಾಣದ ಮಗುವಿಗೆ ಹಿಮದ ಚಿತ್ರ ತೋರಿಸಿ ಪ್ರಶ್ನೆ ಕೇಳಿದರೆ, ಅಲ್ಲಿ ಅಳೆಯುವುದು ಬುದ್ಧಿಯನ್ನಲ್ಲ, ಪರಿಚಯವನ್ನು. ನಮ್ಮ ಮಕ್ಕಳ ಅಂಕವನ್ನು ನಮ್ಮದೇ ಮಕ್ಕಳ ಸರಾಸರಿಯೊಂದಿಗೆ ಹೋಲಿಸಬೇಕು. ವ್ಯಕ್ತಿತ್ವ ಪರೀಕ್ಷೆಗಳಲ್ಲಂತೂ ಸರಿ, ತಪ್ಪು ಎಂಬ ಉತ್ತರವೇ ಇಲ್ಲ. ಹಿರಿಯರ ಮುಂದೆ ಮೌನವಾಗಿರುವುದು ಒಂದು ನಾಡಿನಲ್ಲಿ ಮರ್ಯಾದೆ, ಇನ್ನೊಂದರಲ್ಲಿ ಹೊಂದಾಣಿಕೆಯ ಕೊರತೆ. ಹದಿಹರೆಯದವರ ಉತ್ತರ ಅಂದಿನ ಮನಃಸ್ಥಿತಿಯಂತೆ ಬದಲಾಗುವುದೂ ಉಂಟು.

ಪ್ರಿಯ ಹೆತ್ತವರೇ, ಇಂದು ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಇಂಥ ಪರೀಕ್ಷೆಗಳ ವರದಿ ನಿಮ್ಮ ಕೈಗೂ ಬರಬಹುದು. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ, ತೀರ್ಪೆಂದೂ ತಿಳಿಯಬೇಡಿ. ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತು, ಯಾವ ಮಕ್ಕಳೊಂದಿಗೆ ಹೋಲಿಸಿದರು ಎಂದು ವಿಚಾರಿಸಿ. ಮಗನನ್ನು ಸಂಕೋಚದವನೆಂದೋ, ಮಗಳನ್ನು ಹಠಮಾರಿಯೆಂದೋ ಹೆಸರಿಟ್ಟರೆ ಆ ಹೆಸರು ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ದೇವರು ಹೆಸರು ಹಿಡಿದು ಕರೆದ ಮಗುವಿಗೆ ನಾವು ಹಣೆಪಟ್ಟಿ ಅಂಟಿಸುವುದು ಬೇಡ. ಸಂಜೆ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಅವರ ಮಾತಿಗೆ ಕಿವಿಗೊಡೋಣ. ವರದಿಯಲ್ಲಿ ಇಲ್ಲದ್ದು ಅಲ್ಲಿ ತಿಳಿದೀತು.