ಗಡಿ ದಾಟಿದ ಕವಿ: ಪಟ್ಟಾಭಿರಾಮ ರೆಡ್ಡಿ

ಕನ್ನಡ ಚಲಚ್ಚಿತ್ರದ ಚರಿತ್ರೆಯಲ್ಲಿ 1970ನೆಯ ಇಸವಿಗೆ ವಿಶೇಷ ಸ್ಥಾನವಿದೆ. ಆ ವರ್ಷದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಸುವರ್ಣಪದಕವು ಮೊಟ್ಟಮೊದಲ ಸಲ ಕನ್ನಡಕ್ಕೆ ಬಂದಿತು. ಚಿತ್ರದ ಹೆಸರು ‘ಸಂಸ್ಕಾರ’. ಅದನ್ನು ನಿರ್ದೇಶಿಸಿದವರ ಮನೆಮಾತು ಮಾತ್ರ ಕನ್ನಡವಲ್ಲ, ತೆಲುಗು. ಅವರೇ ಪಟ್ಟಾಭಿರಾಮ ರೆಡ್ಡಿಯವರು.

ಅವರು 1919ರಲ್ಲಿ ನೆಲ್ಲೂರಿನ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದರು. ಓದಿನ ಹಂಬಲ ಅವರನ್ನು ಶಾಂತಿನಿಕೇತನಕ್ಕೂ ಕಲ್ಕತ್ತೆಗೂ ಕರೆದೊಯ್ದಿತು; ಮುಂದೆ ಅಮೇರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಹೋದರು. 1939ರಲ್ಲಿ ‘ಪಠಾಭಿ’ ಎಂಬ ಕಾವ್ಯನಾಮದಿಂದ ‘ಫಿಡೇಲು ರಾಗಾಲ ಡಜನ್’ ಎಂಬ ಹನ್ನೆರಡು ಕವಿತೆಗಳ ಪುಸ್ತಕವನ್ನು ಪ್ರಕಟಿಸಿದರು. ಮಹಾಕವಿ ಶ್ರೀಶ್ರೀ ಅದಕ್ಕೆ ಮುನ್ನುಡಿ ಬರೆದರು. ಹಳೆಯ ಛಂದಸ್ಸಿನ ಕಟ್ಟನ್ನು ಬೇಕೆಂದೇ ಮುರಿದು, ಪೇಟೆಯ ಮಾತನ್ನೂ ಇಂಗ್ಲಿಷ್ ಪದಗಳನ್ನೂ ಕಾವ್ಯದೊಳಗೆ ತಂದ ಆ ಪುಸ್ತಕ ತೆಲುಗು ಸಾಹಿತ್ಯದಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಆಗ ಅವರ ವಯಸ್ಸು ಇಪ್ಪತ್ತು. ನನ್ನ ಈಗಿನ ವಯಸ್ಸೂ ಅಷ್ಟೇ.

ತರುವಾಯ ಅವರು ಮದ್ರಾಸಿನಲ್ಲಿ ತೆಲುಗು ಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. 1958ರ ‘ಪೆಳ್ಳಿನಾಟಿ ಪ್ರಮಾಣಾಲು’ ಅವುಗಳಲ್ಲೊಂದು. ಆದರೆ ಅವರ ಹೆಸರು ಶಾಶ್ವತವಾದದ್ದು ಕನ್ನಡದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಅವರು ಚಿತ್ರಕ್ಕೆ ಆರಿಸಿಕೊಂಡರು. ಅಗ್ರಹಾರದಲ್ಲಿ ಆಚಾರ ಮೀರಿದ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವವರು ಯಾರು ಎಂಬುದೇ ಕಥೆಯ ಬಿಕ್ಕಟ್ಟು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು. ಪಿ. ಲಂಕೇಶರು ನಾರಣಪ್ಪನಾದರು. ರೆಡ್ಡಿಯವರ ಪತ್ನಿ ಸ್ನೇಹಲತಾ ಅವರು ಚಂದ್ರಿಯಾದರು. ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನು ತಡೆಯಿತು. ಮುಂದೆ ಅದೇ ಚಿತ್ರಕ್ಕೆ ಸುವರ್ಣಪದಕ ದೊರೆಯಿತು!

ನಾನು ಖಾನಾಪುರ ತಾಲೂಕಿನವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಓಣಿಯಲ್ಲಿ ಒಂದು ಮನೆ ಕನ್ನಡದ್ದಾದರೆ ಪಕ್ಕದ ಮನೆ ಮರಾಠಿಯದು. ಬೆಳಗಾವಿಯ ಪೇಟೆಯಲ್ಲಂತೂ ಒಂದೇ ಅಂಗಡಿಯಲ್ಲಿ ಎರಡೂ ಮಾತು ನಡೆಯುತ್ತವೆ. ಇಂಥ ಊರಲ್ಲಿ ಈ ಭಾಷೆ ಯಾರದು ಎಂಬ ಜಗಳ ಕೇಳುತ್ತಲೇ ನಾನು ಬೆಳೆದೆ. ರೆಡ್ಡಿಯವರ ಬಾಳು ಆ ಜಗಳಕ್ಕೆ ನನಗೆ ದೊರೆತ ಉತ್ತರ. ಒಂದು ಭಾಷೆಗೆ ಯಾರು ದುಡಿಯುತ್ತಾರೋ ಆ ಭಾಷೆ ಅವರದು. ಕನ್ನಡಕ್ಕಾಗಿ ದುಡಿದದ್ದರಿಂದ ಅವರ ತೆಲುಗಿಗೆ ಏನೂ ಕೊರತೆಯಾಗಲಿಲ್ಲ.

ಆ ದಂಪತಿಗಳು ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಒಪ್ಪಿದ್ದ ಸಮಾಜವಾದಿಗಳು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ಅವರನ್ನು ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಬಂಧಿಸಲಾಯಿತು. ಕಡೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿರಬೇಕಾಯಿತು. ಉಬ್ಬಸದಿಂದ ಬಳಲುತ್ತಿದ್ದ ಆ ಕಲಾವಿದೆ 1977ರ ಜನವರಿ 15ರಂದು ಹೊರಬಂದು, ಐದೇ ದಿನಗಳಲ್ಲಿ, 20ರಂದು, ತೀರಿಕೊಂಡರು. ಸೆನ್ಸಾರಿನ ತಡೆಯನ್ನು ಗೆದ್ದಿದ್ದ ರೆಡ್ಡಿಯವರಿಗೆ ಈ ನಷ್ಟವನ್ನು ತುಂಬಿಕೊಡುವ ಪದಕ ಯಾವುದಿದ್ದೀತು?

ಆದರೂ ಅವರು ಕೈಕಟ್ಟಿ ಕೂಡಲಿಲ್ಲ. 1977ರಲ್ಲಿ ‘ಚಂಡಮಾರುತ’, 1984ರಲ್ಲಿ ‘ಶೃಂಗಾರ ಮಾಸ’, 1993ರಲ್ಲಿ ‘ದೇವರ ಕಾಡು’ ಬಂದವು. ಸಂಖ್ಯೆಯಲ್ಲಿ ಇವು ಅಲ್ಪ. ಆದರೆ ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಅವುಗಳ ಬೆಲೆ ಕಟ್ಟಲಾಗದು. 2006ರ ಮೇ 6ರಂದು ಬೆಂಗಳೂರಿನಲ್ಲಿ ಅವರು ಕಾಲವಾದರು.

ಇಪ್ಪತ್ತರ ವಯಸ್ಸಿನಲ್ಲಿ ಛಂದಸ್ಸನ್ನು ಮುರಿದವರು ಐವತ್ತೊಂದರಲ್ಲಿ ಚಲಚ್ಚಿತ್ರದ ಹಳೆಯ ಪದ್ಧತಿಯನ್ನು ಮುರಿದರು. ಹೊಸದನ್ನು ಮಾಡುವ ಧೈರ್ಯವು ಹುಡುಗಾಟದ ವಯಸ್ಸಿನೊಂದಿಗೆ ಮುಗಿದುಹೋಗಬೇಕಿಲ್ಲ. ಪದವಿ ಪಡೆದು ಹೊರಹೋಗಲಿರುವ ನನ್ನ ಸಹಪಾಠಿಗಳು ಅವರ ಬಾಳಿನಿಂದ ಇಷ್ಟನ್ನು ಗಂಟುಕಟ್ಟಿಕೊಂಡರೆ ಸಾಕು.