ಸಂಧಾನದ ಸಂತ ಅಸಿಸ್ಸಿಯ ಫ್ರಾನ್ಸಿಸ್

ಅಸಿಸ್ಸಿಯ ಸಂತ ಫ್ರಾನ್ಸಿಸರ ಹೆಸರು ಕೇಳಿದೊಡನೆ ಹಕ್ಕಿಗಳಿಗೆ ಬೋಧಿಸಿದ, ಬಡತನವನ್ನು ಅಪ್ಪಿಕೊಂಡ ಸಾಧುವಿನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಒಡೆದ ಮನಸ್ಸುಗಳನ್ನು ಜನಸಮ್ಮುಖದಲ್ಲಿ ಕೂಡಿಸಿದ ಸಂಧಾನಕಾರರಾಗಿ ನಾವು ಅವರನ್ನು ಅಷ್ಟಾಗಿ ನೆನೆಯುವುದಿಲ್ಲ. ಮುನಿಸು ಮನೆಮನೆಯ ಮಾತಾಗಿರುವ ಈ ದಿನಗಳಲ್ಲಿ ಅವರ ಬಾಳಿನ ಈ ಮುಖ ನಮ್ಮ ಮನನಕ್ಕೆ ಯೋಗ್ಯವಾದುದು.

ಇಟಲಿಯ ಉಂಬ್ರಿಯ ಪ್ರಾಂತದ ಅಸಿಸ್ಸಿಯಲ್ಲಿ, 1181 ಅಥವಾ 1182ರಲ್ಲಿ, ಬಟ್ಟೆ ವ್ಯಾಪಾರಿ ಪಿಯೆತ್ರೊ ದಿ ಬೆರ್ನರ್ದೋನೆಯ ಮಗನಾಗಿ ಫ್ರಾನ್ಸಿಸರು ಜನಿಸಿದರು. ಅವರ ಯೌವನದ ಹೊತ್ತಿಗೆ ಊರು ಎರಡು ಹೋಳಾಗಿತ್ತು. ಸಾಮಾನ್ಯ ಜನರಿಂದ ಹೊರದೂಡಲ್ಪಟ್ಟ ಕುಲೀನರು ನೆರೆಯ ಪೆರೂಜಿಯ ನಗರದ ಆಶ್ರಯ ಪಡೆದರು. ಎರಡು ನಗರಗಳ ನಡುವೆ ಯುದ್ಧವೇ ನಡೆಯಿತು. 1202ರಲ್ಲಿ ಕೊಲ್ಲೆಸ್ತ್ರಾದದ ಕಾಳಗದಲ್ಲಿ ಸಿಕ್ಕಿಬಿದ್ದ ಫ್ರಾನ್ಸಿಸರು ಸುಮಾರು ಒಂದು ವರ್ಷ ಸೆರೆಯಲ್ಲಿ ನರಳಿದರು. ಹಗೆತನದ ಫಲವೇನೆಂಬುದನ್ನು ಅವರು ಸ್ವತಃ ಉಂಡವರು.

ಅದಕ್ಕಿಂತ ಆಳವಾದ ಗಾಯ ಮನೆಯೊಳಗೇ ಆಯಿತು. ಪಾಳುಬಿದ್ದ ದೇವಾಲಯದ ದುರಸ್ತಿಗೆಂದು ಅಂಗಡಿಯ ಬಟ್ಟೆ ಮಾರಿದ ಮಗನ ಮೇಲೆ ತಂದೆ ದೂರು ಕೊಟ್ಟರು. 1206ರಲ್ಲಿ ಧರ್ಮಾಧ್ಯಕ್ಷರ ಮುಂದೆ, ನೆರೆದ ಜನರ ಎದುರಿನಲ್ಲಿ, ಫ್ರಾನ್ಸಿಸರು ಹಣದೊಂದಿಗೆ ಉಟ್ಟ ಬಟ್ಟೆಯನ್ನೂ ತಂದೆಗೆ ಒಪ್ಪಿಸಿ ಸ್ವರ್ಗದ ತಂದೆಯನ್ನೇ ಆಶ್ರಯಿಸಿದರು. ಮುಂದೆ ದಾರಿಯಲ್ಲಿ ಎದುರಾದಾಗಲೆಲ್ಲ ತಂದೆ ಶಪಿಸುತ್ತಿದ್ದರು. ಫ್ರಾನ್ಸಿಸರು ಒಬ್ಬ ಬಡವನನ್ನು ತಂದೆಯಾಗಿ ಸ್ವೀಕರಿಸಿ, ಪ್ರತಿ ಶಾಪಕ್ಕೂ ಅವನಿಂದ ಆಶೀರ್ವಾದ ಬೇಡುತ್ತಿದ್ದರು. ಆ ತಂದೆಮಗ ಮತ್ತೆ ಒಂದಾದರೆಂದು ಪ್ರಾಚೀನ ಚರಿತ್ರೆಗಳು ಹೇಳುವುದಿಲ್ಲ.

ಈ ಗಾಯವನ್ನು ಹೊತ್ತೇ ಅವರು ಶಾಂತಿಯ ಯಾತ್ರಿಕರಾದರು. ಯಾವ ಮನೆಗೆ ಹೋದರೂ ಮೊದಲು ಶಾಂತಿಯನ್ನು ಹಾರೈಸಬೇಕೆಂದು ತಮ್ಮ ಸಹೋದರರಿಗೆ ವಿಧಿಸಿದರು. 1219ರಲ್ಲಿ ಈಜಿಪ್ಟಿನ ದಮಿಯೆತ್ತದ ಬಳಿ ಧರ್ಮಯುದ್ಧ ನಡೆಯುತ್ತಿದ್ದಾಗ ನಿರಾಯುಧರಾಗಿ ಸುಲ್ತಾನ ಅಲ್-ಕಾಮಿಲರ ಬಳಿಗೆ ಹೋಗಿ ಸಂಭಾಷಿಸಿದರು. 1222ರಲ್ಲಿ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದು ಬೊಲೋಞ್ಞ ನಗರದ ಚೌಕದಲ್ಲಿ ಊರಿಗೆ ಊರೇ ಸೇರಿತ್ತು. ಅವರ ಬಟ್ಟೆ ಮಲಿನ, ರೂಪ ಸಾಧಾರಣ. ಮಾತಿನಲ್ಲಿ ಪ್ರವಚನದ ಗತ್ತಿರಲಿಲ್ಲ, ಊರವರೊಡನೆ ಆಡುವ ಮಾತಿನ ಧಾಟಿಯಿತ್ತು. ಹಳೆಯ ವೈರದಿಂದ ರಕ್ತ ಹರಿಸಿದ್ದ ಅನೇಕ ಕುಲೀನ ಮನೆತನಗಳು ಆ ಮಾತಿಗೆ ಕರಗಿ ರಾಜಿಯಾದುವೆಂದು, ಅಂದು ಅಲ್ಲಿ ವಿದ್ಯಾರ್ಥಿಯಾಗಿದ್ದು ಕಣ್ಣಾರೆ ಕಂಡ ಸ್ಪ್ಲಿಟ್ ನಗರದ ತೋಮಸರು ಬರೆದಿಟ್ಟಿದ್ದಾರೆ.

ಅವರ ಕೊನೆಯ ದಿನಗಳಲ್ಲಿ ಅಸಿಸ್ಸಿಯಲ್ಲಿಯೇ ಕಲಹ ಎದ್ದಿತು. ಧರ್ಮಾಧ್ಯಕ್ಷ ಗ್ವಿದೋ ನಗರಾಧಿಕಾರಿಗೆ ಬಹಿಷ್ಕಾರ ಹಾಕಿದರು. ಧರ್ಮಾಧ್ಯಕ್ಷರೊಡನೆ ಯಾರೂ ಕೊಡುಕೊಳ್ಳುವ ವ್ಯವಹಾರ ಮಾಡಕೂಡದೆಂದು ನಗರಾಧಿಕಾರಿ ಡಂಗುರ ಹೊಡೆಸಿದರು. ಫ್ರಾನ್ಸಿಸರು ಆಗ ರೋಗಗ್ರಸ್ತರು, ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಇಬ್ಬರ ನಡುವೆ ಯಾರೂ ಸಂಧಾನಕ್ಕೆ ಮುಂದಾಗಲಿಲ್ಲವೆಂಬುದೇ ಅವರಿಗೆ ನಾಚಿಕೆಯೆನಿಸಿತು. ತಾವು ರಚಿಸಿದ್ದ ಸೂರ್ಯಸೋದರನ ಗೀತೆಗೆ ಕ್ಷಮಿಸುವವರನ್ನು ಕುರಿತ ಒಂದು ಚರಣವನ್ನು ಸೇರಿಸಿ, ಇಬ್ಬರನ್ನೂ ನಾಗರಿಕರೊಡನೆ ಧರ್ಮಾಧ್ಯಕ್ಷರ ನಿವಾಸದ ಅಂಗಳಕ್ಕೆ ಕರೆಸಿ, ಸಹೋದರರಿಂದ ಅದನ್ನು ಹಾಡಿಸಿದರು. ನಗರಾಧಿಕಾರಿ ಶುಭಸಂದೇಶದ ವಾಚನಕ್ಕೆಂಬಂತೆ ಎದ್ದು ಕೈಜೋಡಿಸಿ ಅತ್ತರು; ಧರ್ಮಾಧ್ಯಕ್ಷರ ಪಾದಕ್ಕೆರಗಿದರು. ಧರ್ಮಾಧ್ಯಕ್ಷರು ಅವರನ್ನು ಎತ್ತಿ, ತಾವು ಮುಂಗೋಪಿಗಳೆಂದು ಒಪ್ಪಿ ಕ್ಷಮೆ ಬೇಡಿದರು. ಇಬ್ಬರೂ ಆಲಂಗಿಸಿಕೊಂಡರು.

ಕ್ಷಮೆ ಬೇರೆ, ಸಂಧಾನ ಬೇರೆ. ಕ್ಷಮಿಸಲು ಒಂದು ಹೃದಯ ಸಾಕು. ಸಂಧಾನಕ್ಕೆ ಎರಡು ಬೇಕು. ತಂದೆಯ ವಿಷಯದಲ್ಲಿ ಫ್ರಾನ್ಸಿಸರ ಕೈಲಿದ್ದುದು ತಮ್ಮ ಪಾಲು ಮಾತ್ರ. ಶಾಪಕ್ಕೆ ಪ್ರತಿಶಾಪ ಕೊಡದೆ ಅದನ್ನು ಸಲ್ಲಿಸಿದರು. ಇತರರ ವಿಷಯದಲ್ಲಿ ಎರಡು ಹೃದಯಗಳು ಪರಸ್ಪರ ಕೇಳಿಸಿಕೊಳ್ಳುವ ಒಂದು ಅಂಗಳವನ್ನು ಸಿದ್ಧಪಡಿಸಿದರು. ಊರೆದುರು ಆಡಿದ ಜಗಳ ಗುಟ್ಟಿನಲ್ಲಿ ಮುಗಿಯಲಾರದೆಂಬುದನ್ನು ಅವರು ಬಲ್ಲವರಾಗಿದ್ದರು.

1226ರ ಅಕ್ಟೋಬರ್ 3ರ ಸಂಜೆ ಅವರು ದೈವಾಧೀನರಾದರು; 1228ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಅವರನ್ನು ಸಂತರೆಂದು ಘೋಷಿಸಿದರು. 1986ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ವಿವಿಧ ಧರ್ಮಗಳ ನಾಯಕರನ್ನು ಶಾಂತಿಪ್ರಾರ್ಥನೆಗೆ ಕರೆದದ್ದು ಇದೇ ಅಸಿಸ್ಸಿಗೆ.

ಆಸ್ತಿ ಪಾಲಾದಂದಿನಿಂದ ಮಾತುಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲೂ ಇದ್ದಾರೆ. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಅವರನ್ನು ಒಂದು ಅಂಗಳಕ್ಕೆ ಕರೆಯಲು ನಮ್ಮಲ್ಲಿ ಯಾರೂ ಮುಂದಾಗದಿದ್ದರೆ, ಆ ನಾಚಿಕೆ ನಮ್ಮದೂ ಹೌದು.