ಸುರಪುರದ ಮೆಡೋಸ್ ಟೇಲರ್

ಲಿಂಗಸುಗೂರು ಸೀಮೆಯಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ ಗುಡ್ಡಗಳ ನಡುವೆ ಸುರಪುರ ಕಾಣುತ್ತದೆ. ಅಲ್ಲಿಯ ಟೇಲರ್ ಮಂಜಿಲ್ ಎಂಬ ಬಂಗಲೆಯಿಂದ ಫಿಲಿಪ್ ಮೆಡೋಸ್ ಟೇಲರನ ಹೆಸರು ಇಂದಿಗೂ ಉಳಿದಿದೆ. ಅನ್ಯರ ಮಾತಿನಲ್ಲಿ ದಿಟವೆಷ್ಟು, ಸಟೆಯೆಷ್ಟು ಎಂದು ತೂಗುವುದೇ ಆತನ ಬಾಳಿನ ಬಹುಭಾಗದ ಕೆಲಸವಾಗಿತ್ತು.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ 1824ರಲ್ಲಿ, ಹದಿನಾರು ತುಂಬುವ ಮೊದಲೇ, ಮುಂಬಯಿಗೆ ಬಂದ. ದೊಡ್ಡ ವ್ಯಾಪಾರಿಯೊಬ್ಬನ ಪಾಲುದಾರನಾಗುವೆಯೆಂದು ಆತನನ್ನು ನಂಬಿಸಲಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೇ ಕುಸಿಯುತ್ತಿತ್ತು. ಬಂಧುವೊಬ್ಬರ ನೆರವಿನಿಂದ ನಿಜಾಮನ ಸೇವೆಗೆ ಸೇರಿ, ಈ ನಾಡಿನ ಭಾಷೆಗಳನ್ನು ಕಲಿತ.

ಮುಂದೆ ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಹೊಣೆ ಆತನಿಗೆ ಬಂತು. ದಾರಿಹೋಕರ ಸ್ನೇಹ ಗಳಿಸಿ ಕೊರಳು ಬಿಗಿಯುವವರಿಗೆ ನಂಬಿಕೆ ಹುಟ್ಟಿಸುವುದೇ ಬಂಡವಾಳ. ಅಂಥವರ ಮುಖ ನೋಡಿ ಮನಸ್ಸನ್ನು ಅರಿಯುವುದೆಂತು? ಸಾಕ್ಷಿ ನುಡಿದವನಿಗೆ ನೇಣು ತಪ್ಪುತ್ತಿದ್ದುದರಿಂದ ಸುಳ್ಳಿಗೆ ಕಾರಣವೂ ಇತ್ತು. ಆದಕಾರಣ ಒಬ್ಬನ ಹೇಳಿಕೆಯನ್ನು ಮತ್ತೊಬ್ಬನದರೊಡನೆ ಹೋಲಿಸಿ, ತೋರಿಸಿದ ನೆಲವನ್ನು ಅಗೆಸಿ ನೋಡುತ್ತಿದ್ದರು. ಎಲುಬು ದೊರೆತರೆ ಕೊಲೆ ನಿಜವಾಯಿತು. ಕೊಂದವರು ಯಾರೆಂಬುದಕ್ಕೆ ಮಾತ್ರ ಮತ್ತೆ ಅವರ ಮಾತೇ ಆಧಾರ. ಆ ಅನುಭವವೇ 1839ರಲ್ಲಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯಾಯಿತು.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ದೊರೆ ವೆಂಕಟಪ್ಪನಾಯಕ ಇನ್ನೂ ಬಾಲಕ. ಹುಡುಗ ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಯುವಕ ದೊರೆಗೆ ಒಪ್ಪಿಸಿ ಟೇಲರ್ ಹೊರಟ. 1858ರಲ್ಲಿ ಅದೇ ದೊರೆ ಇಂಗ್ಲಿಷರ ಮೇಲೆ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಯಲ್ಲಿ ಕಂಡ ಟೇಲರನಿಗೆ ಆತ ತನ್ನ ಸಂಗಡಿಗರ ಹೆಸರು ಹೇಳಲಿಲ್ಲ. ಅನ್ಯರ ದುರ್ಬೋಧೆಗೆ ಸಿಕ್ಕಿ ಹುಡುಗ ಕೆಟ್ಟನೆಂದೇ ಟೇಲರ್ ನಂಬಿದ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡು ದೊರೆ ಮಡಿದನೆಂದು ಬರಹಗಳು ಹೇಳುತ್ತವೆ.

ಆತ ನಿಜಕ್ಕೂ ಪರರ ಮಾತಿಗೆ ಮರುಳಾದನೆ? ಅಥವಾ ಸ್ವಂತ ಛಲದಿಂದಲೇ ಕತ್ತಿ ಹಿರಿದು, ತನ್ನನ್ನು ಸಾಕಿದವನ ಮನಸ್ಸು ನೋಯದಿರಲೆಂದು ಅದನ್ನು ಮರೆಮಾಡಿದನೆ? ಟೇಲರ್ 1876ರಲ್ಲಿ ತೀರಿಕೊಂಡ. ಆ ಭೇಟಿಯ ವಿವರ ಮರುವರ್ಷ ಪ್ರಕಟವಾದ ಆತನ ಆತ್ಮಕಥೆಯಲ್ಲಿದೆ. ಹೇಳುವವನು ಮಮತೆಯುಳ್ಳವನು, ಇನ್ನೊಬ್ಬ ಸಾಕ್ಷಿಯಿಲ್ಲ. ಠಗ್ಗರ ಮಾತಿಗೆ ಹಿಡಿದ ಒರೆಗಲ್ಲನ್ನು ಟೇಲರ್ ಇಲ್ಲಿ ಹಿಡಿಯಲಾರದೆ ಹೋದ. ನಮಗೂ ಅದು ದೊರೆಯದು.